ನೂರಾರು ಜಿಬಿಯ ಪಯಣ: ತಂತಿಯಲ್ಲೋ, ಬಸ್ಸಿನಲ್ಲೋ

ಒಂದು ಕಂಪ್ಯೂಟರಿನಲ್ಲಿರುವ ದೊಡ್ಡ ಫೈಲನ್ನು ಇನ್ನೊಂದಕ್ಕೆ ಸೇರಿಸಲು ಇರುವ ದಾರಿ ಎರಡೇ. ಎರಡರ ನಡುವೆ ಜಾಲವಿದ್ದರೆ ಅದರಲ್ಲಿ ಹರಿಸಬೇಕು. ಇಲ್ಲವೇ ಪೆನ್‌ಡ್ರೈವ್, ಹಾರ್ಡ್ ಡಿಸ್ಕ್, ಮೆಮೊರಿ ಕಾರ್ಡ್‌ಗೆ ತುಂಬಿ ಕೈಯಲ್ಲಿ ಒಯ್ಯಬೇಕು. ಹಿರಿಯೂರಿನ ಫೋಟೊ ಸ್ಟುಡಿಯೊ, ಹೊಸದುರ್ಗದ ಡಿಟಿಪಿ ಅಂಗಡಿ, ಹೊಳಲ್ಕೆರೆಯ ಕಚೇರಿ, ಚಿತ್ರದುರ್ಗದ ಕಾಲೇಜು, ಎಲ್ಲ ಕಡೆಯೂ ಈ ಆಯ್ಕೆ ದಿನವೂ ಎದುರಾಗುತ್ತದೆ. ಬಹುಪಾಲು ಅದು ಅಭ್ಯಾಸದ ಬಲದಿಂದಲೇ ತೀರ್ಮಾನವಾಗುತ್ತದೆ. ಲೆಕ್ಕ ಹಾಕಿ ತೀರ್ಮಾನಿಸಿದರೆ ದಿನಗಳ ಕೆಲಸ ಗಂಟೆಗಳಲ್ಲಿ ಮುಗಿಯುತ್ತದೆ. ಯಾವ ದಾರಿ ಹಿಡಿದರೂ, ತಲುಪಿದ ಫೈಲು ಹೊರಟ ಫೈಲೇ ಹೌದೆಂದು ತಾಳೆ ನೋಡುವ ತನಕ ಕೆಲಸ ಮುಗಿದಂತಲ್ಲ. ಈ ಲೇಖನದ ಮುಖ್ಯ ಮಾತು ಅದೇ.

ಒಂದು ಮದುವೆಯ ತೂಕ

ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆಯ ತರಳಬಾಳು ಮಠ ಪಾಣಿನಿಯ ಸೂತ್ರಗಳನ್ನು ಕಂಪ್ಯೂಟರಿಗೆ ಅಳವಡಿಸಿದ ‘ಗಣಕಾಷ್ಟಾಧ್ಯಾಯಿ’ ತಂತ್ರಾಂಶಕ್ಕೆ ಹೆಸರಾದದ್ದು. ವಚನಗಳನ್ನೂ ಗಣಕೀಕರಿಸಿ ಜನರ ಮುಂದಿಟ್ಟಿದೆ. ಯೂನಿಕೋಡ್‌ನ ಸಾಮಾನ್ಯ ರೂಪದಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು. ಒಂದು ವಚನಕ್ಕೆ ಐನೂರು ಚಿಹ್ನೆ ಎಂದುಕೊಂಡರೆ ಇಪ್ಪತ್ತು ಸಾವಿರ ವಚನಗಳ ಪಠ್ಯ ಸುಮಾರು 30 ಎಂಬಿ. ಶತಮಾನಗಳ ವಚನ ರಾಶಿ ಒಂದು ಹಳೆಯ ಪೆನ್‌ಡ್ರೈವಿನ ಮೂಲೆಯಲ್ಲಿ ಕೂರುತ್ತದೆ.

ಅದೇ ಜಿಲ್ಲೆಯ ಕಲ್ಯಾಣ ಮಂಟಪವೊಂದರ ಮದುವೆಯನ್ನು ನೋಡಿ. ಇಂದಿನ ಕ್ಯಾಮೆರಾಗಳು 4ಕೆ ವಿಡಿಯೊವನ್ನು ಸಾಮಾನ್ಯವಾಗಿ ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಬರೆದುಕೊಳ್ಳುತ್ತವೆ. ಎಂಟು ಬಿಟ್ ಸೇರಿ ಒಂದು ಬೈಟ್. ಹಾಗಾಗಿ ಅದು ಸೆಕೆಂಡಿಗೆ 12.5 ಎಂಬಿ, ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ ಮೂರು ಮೂರು ಗಂಟೆ ಓಡಿದರೆ 270 ಜಿಬಿ. ಮೇಲೆ ಮೂರು ಸಾವಿರ ರಾ ಫೋಟೊಗಳ 80 ಜಿಬಿ ಸೇರಿಸಿ. ಒಟ್ಟು 350 ಜಿಬಿ. ವಚನಗಳ ಆ 30 ಎಂಬಿ ಈ ಮದುವೆ ವಿಡಿಯೊದ ಎರಡೂವರೆ ಸೆಕೆಂಡಿಗೆ ಸಮ.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಎರಡು ಗಂಟೆಯ ನಾಟಕವೊಂದನ್ನು ಮೂರು ಕ್ಯಾಮೆರಾದಲ್ಲಿ ಹಿಡಿದರೂ 270 ಜಿಬಿ ಆಗುತ್ತದೆ. ‘ಶಿವಸಂಚಾರ’ ತಂಡದಿಂದ ನಾಡಿನಾದ್ಯಂತ ಹೆಸರಾದ ಈ ಹಳ್ಳಿಯ ರಂಗಭೂಮಿಯನ್ನು ದಾಖಲಿಸುವವರಿಗೆ ಈ ಲೆಕ್ಕ ಬೇಕೇ ಬೇಕು. ಸಣ್ಣ ಊರಿನಲ್ಲಿ ಸಣ್ಣ ಫೈಲೇ ಇರುತ್ತದೆ ಎಂಬ ಕಾಲ ಮುಗಿದಿದೆ.

ವೇಗವನ್ನು ಓದುವ ಬಗೆ

ಗೊಂದಲದ ಮೂಲ ಒಂದೇ: ಜಾಲದ ವೇಗವನ್ನು ಬಿಟ್‌ನಲ್ಲಿ ಹೇಳುತ್ತಾರೆ, ಫೈಲಿನ ಗಾತ್ರವನ್ನು ಬೈಟ್‌ನಲ್ಲಿ ಹೇಳುತ್ತಾರೆ. ‘100 ಎಂಬಿಪಿಎಸ್’ ಸಂಪರ್ಕವೆಂದರೆ ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿ. ಎಂಟರಿಂದ ಭಾಗಿಸದೆ ಯಾರಿಗೂ ಸಮಯದ ಭರವಸೆ ಕೊಡಬಾರದು. ಅಂಗಡಿಯಿಂದ ತಂದ 1 ಟಿಬಿ ಡಿಸ್ಕ್ ವಿಂಡೋಸ್‌ನಲ್ಲಿ 931 ಜಿಬಿ ಎಂದು ತೋರಿದರೂ ಗಾಬರಿ ಬೇಡ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಜಾಗ ಎಲ್ಲಿಗೂ ಹೋಗಿಲ್ಲ.

ಮಾರಿಕಣಿವೆ ಜಲಾಶಯದಲ್ಲಿ ಎಷ್ಟೇ ನೀರು ನಿಂತಿದ್ದರೂ ಹಿರಿಯೂರಿನ ತೋಟಕ್ಕೆ ಬರುವುದು ಕಾಲುವೆಯ ತೂಬು ಬಿಟ್ಟಷ್ಟೇ. ಫೈಲಿನ ದಾರಿಯಲ್ಲೂ ಅತಿ ಕಿರಿದಾದ ಜಾಗವೇ ಒಟ್ಟು ವೇಗವನ್ನು ನಿರ್ಧರಿಸುತ್ತದೆ. ಓದುವ ಕಾರ್ಡ್, ಕಾರ್ಡ್ ರೀಡರ್, ಕೇಬಲ್, ಯುಎಸ್‌ಬಿ ಕಿಂಡಿ, ರೌಟರ್, ಬರೆಯುವ ಡಿಸ್ಕ್ ಇವುಗಳಲ್ಲಿ ನಿಧಾನವಾದುದನ್ನು ಹುಡುಕಿ ಬದಲಿಸಬೇಕು. ಉಳಿದವಕ್ಕೆ ಖರ್ಚು ಮಾಡಿದ ಹಣ ದಂಡ.

ಆ 350 ಜಿಬಿ ಮದುವೆಯನ್ನೇ ಇಟ್ಟುಕೊಂಡು ನೋಡೋಣ. ಹಳೆಯ ಯುಎಸ್‌ಬಿ 2.0 ಕಿಂಡಿಯಲ್ಲಿ ನಿಜಕ್ಕೂ ಸಿಗುವುದು ಸೆಕೆಂಡಿಗೆ 35 ಎಂಬಿ ಆಸುಪಾಸು, ಅಂದರೆ ಎರಡೂ ಮುಕ್ಕಾಲು ಗಂಟೆ. ಯುಎಸ್‌ಬಿ 3.0 ಕಿಂಡಿಗೆ ತಿರುಗುವ ಹಾರ್ಡ್ ಡಿಸ್ಕ್ ಹಾಕಿದರೆ ಸುಮಾರು 100 ಎಂಬಿ; ಒಂದು ಗಂಟೆ. ಒಳ್ಳೆಯ ಎಸ್‌ಎಸ್‌ಡಿಯಲ್ಲಿ 400 ಎಂಬಿ, ಕಾಲು ಗಂಟೆ. ಅಂತರ್ಜಾಲದಲ್ಲಿ 100 ಎಂಬಿಪಿಎಸ್ ಅಪ್‌ಲೋಡ್ ಒಂದೇ ಸಮನೆ ಸಿಕ್ಕರೆ ಹತ್ತಿರ ಎಂಟು ಗಂಟೆ, 30 ಸಿಕ್ಕರೆ 26 ಗಂಟೆ, ಮೊಬೈಲಿನ ಹಾಟ್‌ಸ್ಪಾಟ್‌ನಲ್ಲಿ 5 ಸಿಕ್ಕರೆ ಆರೂವರೆ ದಿನ.

ರೀಲಿನ ಡಬ್ಬಿ, ಹಾಡಿನ ಕಾರ್ಡ್

ದತ್ತಾಂಶವನ್ನು ವಸ್ತುವಿನಲ್ಲಿಟ್ಟು ಸಾಗಿಸುವುದು ನಮ್ಮೂರುಗಳಿಗೆ ಹೊಸದಲ್ಲ. 35 ಎಂಎಂ ಕಾಲದಲ್ಲಿ ಸಿನಿಮಾ ಎಂದರೆ ತಗಡಿನ ಡಬ್ಬಿಗಳಲ್ಲಿ ಊರಿಂದೂರಿಗೆ ಹೋಗುವ ಸುರುಳಿ. ಎರಡು ಸಾವಿರ ಅಡಿಯ ಒಂದು ರೀಲು ಓಡುತ್ತಿದ್ದುದು 22 ನಿಮಿಷ. ಮುಂದೆ ಅದೇ ಸಿನಿಮಾ ಉಪಗ್ರಹದ ಮೂಲಕವೋ, ಗಟ್ಟಿ ಕವಚದ ಹಾರ್ಡ್ ಡಿಸ್ಕ್‌ನಲ್ಲೋ ಚಿತ್ರಮಂದಿರಕ್ಕೆ ಬರತೊಡಗಿತು. ಡಿಸ್ಕ್ ಕೈಗೆ ಸಿಕ್ಕಿದವರಿಗೆಲ್ಲ ಸಿನಿಮಾ ಸಿಕ್ಕದು. ಫೈಲಿಗೆ ಬೀಗ ಹಾಕಿರುತ್ತಾರೆ. ಇಂಥ ಪರದೆಯ ಸರ್ವರ್‌ಗೆ ಇಷ್ಟು ದಿನ ಎಂದು ಕೊಟ್ಟ ಕೀಲಿ ಬೇರೆಯಾಗಿ ಬರುತ್ತದೆ. ಸರಕು ಒಂದು ದಾರಿಯಲ್ಲಿ, ಕೀಲಿ ಇನ್ನೊಂದು ದಾರಿಯಲ್ಲಿ ಎಂಬ ಈ ಪದ್ಧತಿಯನ್ನು ಸಾಮಾನ್ಯ ಸ್ಟುಡಿಯೊ ಕೂಡ ಅನುಸರಿಸಬಹುದು.

ಆಮೇಲೆ ಬಂದದ್ದು ಮೆಮೊರಿ ಕಾರ್ಡಿನ ಕಾಲ. ಮೊಬೈಲ್ ಅಂಗಡಿಗೆ ಹೋಗಿ ಹತ್ತಿಪ್ಪತ್ತು ರೂಪಾಯಿ ಕೊಟ್ಟು ಕಾರ್ಡಿಗೆ ಹಾಡು, ಸಿನಿಮಾ ತುಂಬಿಸಿಕೊಂಡು ಬರುತ್ತಿದ್ದವರು ಬಸ್ ನಿಲ್ದಾಣದ ಸುತ್ತ ಎಲ್ಲ ಊರಲ್ಲೂ ಇದ್ದರು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಆ ವ್ಯಾಪಾರ ಕರಗಿತು. ಫೋನಿಂದ ಫೋನಿಗೆ ವೈಫೈನಲ್ಲಿ ಫೈಲು ದಾಟಿಸುತ್ತಿದ್ದ ಶೇರ್‌ಇಟ್, ಕ್ಸೆಂಡರ್ ಆ್ಯಪ್‌ಗಳನ್ನು ಕೇಂದ್ರ ಸರ್ಕಾರ 2020ರ ಜೂನ್ 29ರಂದು ನಿಷೇಧಿಸಿದ 59 ಆ್ಯಪ್‌ಗಳ ಪಟ್ಟಿಯಲ್ಲಿ ಸೇರಿಸಿತು.

ಬಸ್ಸೇ ಜಾಲವಾದಾಗ

ಹಿರಿಯೂರಿನಿಂದ ಚಿತ್ರದುರ್ಗಕ್ಕೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 40 ಕಿ.ಮೀ. ಬಸ್ಸು ಒಂದು ಗಂಟೆ ತೆಗೆದುಕೊಂಡಿತು ಎನ್ನೋಣ. ಮದುವೆಯ 350 ಜಿಬಿಯನ್ನು ಡಿಸ್ಕ್‌ಗೆ ತುಂಬಲು ಒಂದು ಗಂಟೆ, ಪ್ರಯಾಣ ಒಂದು ಗಂಟೆ, ಅಲ್ಲಿ ಇಳಿಸಿಕೊಳ್ಳಲು ಇನ್ನೊಂದು ಗಂಟೆ. ಮೂರು ಗಂಟೆಯಲ್ಲಿ ಕೆಲಸ ಆಯಿತು. ಇದೇ ಕೆಲಸಕ್ಕೆ 100 ಎಂಬಿಪಿಎಸ್ ಅಂತರ್ಜಾಲ ಎಂಟು ಗಂಟೆ ಬೇಡುತ್ತದೆ. ಬೆಂಗಳೂರಿನ ಎಡಿಟರ್‌ಗೆ ಕಳಿಸುವುದಾದರೂ, ಸಂಜೆ ಬಸ್ಸಿಗೆ ಹಾಕಿದ್ದು ಬೆಳಿಗ್ಗೆ ಅವರ ಮೇಜಿನ ಮೇಲಿರುತ್ತದೆ.

ಇದನ್ನು ಹಿಂದುಳಿದವರ ಉಪಾಯ ಎಂದು ತಿಳಿಯುವುದು ತಪ್ಪು. ಕಪ್ಪುಕುಳಿಯ ಮೊದಲ ಚಿತ್ರವನ್ನು 2019ರ ಏಪ್ರಿಲ್ 10ರಂದು ಜಗತ್ತಿಗೆ ತೋರಿಸಿದ ಈವೆಂಟ್ ಹೊರೈಜನ್ ಟೆಲಿಸ್ಕೋಪ್ ತಂಡ 2017ರಲ್ಲಿ ಎಂಟು ದೂರದರ್ಶಕಗಳಿಂದ ಕಲೆಹಾಕಿದ ದತ್ತಾಂಶವನ್ನು ಹಾರ್ಡ್ ಡಿಸ್ಕ್‌ಗಳಲ್ಲಿ ತುಂಬಿ ವಿಮಾನದಲ್ಲೇ ಸಾಗಿಸಿತು. ದಕ್ಷಿಣ ಧ್ರುವದ ಡಿಸ್ಕ್‌ಗಳಂತೂ ಅಲ್ಲಿನ ಚಳಿಗಾಲ ಕಳೆದು ವಿಮಾನ ಇಳಿಯುವ ತನಕ ತಿಂಗಳುಗಟ್ಟಲೆ ಕಾದವು. ಆ ಪ್ರಮಾಣದ ದತ್ತಾಂಶಕ್ಕೆ ಬೇರೆ ದಾರಿ ಇರಲಿಲ್ಲ.

ಬಸ್ಸಿನ ದಾರಿಗೆ ತನ್ನದೇ ಅಪಾಯಗಳಿವೆ. ತಿರುಗುವ ಹಾರ್ಡ್ ಡಿಸ್ಕ್ ಚಾಲೂ ಇರುವಾಗ ಬಿದ್ದರೆ ಉಳಿಯುವುದು ಕಷ್ಟ; ನಿಂತಿರುವಾಗಲೂ ದೊಡ್ಡ ಪೆಟ್ಟು ಸಲ್ಲದು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಪಯಣಕ್ಕೆ ಅದೇ ಮೇಲು. ಪರಿಚಯದ ಡ್ರೈವರ್, ಕಂಡಕ್ಟರ್ ಕೈಯಲ್ಲಿ ಕವರ್ ಕೊಟ್ಟು ಕಳಿಸುವುದು ನಮ್ಮ ಕಡೆ ಹಳೆಯ ರೂಢಿ. ಕಳೆದುಹೋದರೆ ಕೇಳುವುದಕ್ಕೆ ರಸೀದಿಯೂ ಇರುವುದಿಲ್ಲ. ಕೆಎಸ್‌ಆರ್‌ಟಿಸಿ 2021ರಲ್ಲಿ ‘ನಮ್ಮ ಕಾರ್ಗೋ’ ಶುರುಮಾಡಿದೆ; ರಸೀದಿ ಸಿಗುವ ಕಡೆ ಕೊಡುವುದೇ ಒಳ್ಳೆಯದು. ಎಲ್ಲಕ್ಕಿಂತ ಮೊದಲ ನಿಯಮ: ಇರುವ ಒಂದೇ ಪ್ರತಿಯನ್ನು ಬಸ್ಸಿಗೆ ಹತ್ತಿಸಬಾರದು.

ಡಿಸ್ಕ್, ಕಿಂಡಿ, ಕೇಬಲ್

‘ಪೆನ್‌ಡ್ರೈವಿನಲ್ಲಿ 20 ಜಿಬಿ ಖಾಲಿ ಇದೆ, 6 ಜಿಬಿ ವಿಡಿಯೊ ಹೋಗುತ್ತಿಲ್ಲ’ ಎಂಬ ದೂರಿಗೆ ಕಾರಣ ಫ್ಯಾಟ್32. ಈ ಹಳೆಯ ಫಾರ್ಮ್ಯಾಟ್‌ನಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ. 32 ಜಿಬಿವರೆಗಿನ ಕಾರ್ಡ್‌ಗಳಲ್ಲಿ ಅದೇ ಇರುವುದರಿಂದ ಎಷ್ಟೋ ಕ್ಯಾಮೆರಾಗಳು ಉದ್ದದ ವಿಡಿಯೊವನ್ನು 4 ಜಿಬಿಯ ತುಂಡುಗಳಾಗಿ ಬರೆಯುತ್ತವೆ. ಎಕ್ಸ್‌ಫ್ಯಾಟ್ ಈ ಮಿತಿಯನ್ನು ತೆಗೆದುಹಾಕಿತು. ವಿಂಡೋಸ್, ಮ್ಯಾಕ್ ಎರಡೂ ಅದನ್ನು ಓದಿ ಬರೆಯುತ್ತವೆ. ಊರಿಂದೂರಿಗೆ ಓಡಾಡುವ ಡಿಸ್ಕ್‌ಗೆ ಅದೇ ಅನುಕೂಲ. ಎನ್‌ಟಿಎಫ್‌ಎಸ್ ತನ್ನ ಬದಲಾವಣೆಗಳ ದಿನಚರಿ ಇಡುವುದರಿಂದ ಕರೆಂಟು ಹೋದಾಗ ಹೆಚ್ಚು ತಾಳಿಕೊಳ್ಳುತ್ತದೆ, ಆದರೆ ಮ್ಯಾಕ್ ಅದನ್ನು ಓದುತ್ತದೆಯೇ ಹೊರತು ತಾನಾಗಿ ಬರೆಯುವುದಿಲ್ಲ. ಊರಲ್ಲೇ ಉಳಿಯುವ ಬ್ಯಾಕಪ್ ಡಿಸ್ಕ್‌ಗೆ ಎನ್‌ಟಿಎಫ್‌ಎಸ್ ಇರಲಿ. ಫಾರ್ಮ್ಯಾಟ್ ಬದಲಿಸಿದರೆ ಒಳಗಿನದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ.

ಕೇಬಲ್ ವಿಷಯದಲ್ಲಿ ಮೋಸ ಹೋಗುವುದು ಸುಲಭ. ಟೈಪ್-ಸಿ ಮೂತಿ ಇದ್ದ ಮಾತ್ರಕ್ಕೆ ವೇಗ ಬರದು. ಫೋನ್ ಚಾರ್ಜರ್ ಜೊತೆ ಬರುವ ಬಹುತೇಕ ಟೈಪ್-ಸಿ ಕೇಬಲ್‌ಗಳು ಒಳಗೆ ಯುಎಸ್‌ಬಿ 2.0 ತಂತಿಗಳೇ. ಡಿಸ್ಕ್ ಜೊತೆ ಬಂದ ಕೇಬಲನ್ನು ಡಿಸ್ಕ್‌ಗೇ ಮೀಸಲಿಡಿ. ಅಗ್ಗದ ಪೆನ್‌ಡ್ರೈವ್ ಮೊದಲ ಒಂದೆರಡು ಜಿಬಿಯನ್ನು ಬೇಗ ಬರೆದುಕೊಂಡು ಆಮೇಲೆ ಕುಂಟುತ್ತದೆ. ಪೆಟ್ಟಿಗೆಯ ಮೇಲೆ 1 ಟಿಬಿ ಎಂದು ಬರೆದು ನಂಬಲಾರದ ಬೆಲೆಗೆ ಮಾರುವ ಪೆನ್‌ಡ್ರೈವ್‌ಗಳಲ್ಲಿ ನಕಲಿಗಳು ಸಾಕಷ್ಟಿವೆ: ಗಾತ್ರ ಸುಳ್ಳು ಹೇಳಿ, ನಿಜವಾದ ಜಾಗ ತುಂಬಿದ ಮೇಲೆ ಬರೆದದ್ದನ್ನು ಕಳೆಯುತ್ತವೆ. ಹೊಸ ಡ್ರೈವನ್ನು ಎಚ್2ಟೆಸ್ಟ್‌ಡಬ್ಲ್ಯೂ ತಂತ್ರಾಂಶದಿಂದ ಪೂರ್ತಿ ತುಂಬಿಸಿ ಓದಿಸಿದರೆ ನಿಜ ಹೊರಬೀಳುತ್ತದೆ.

ಒಂದೇ ಕೋಣೆಯ ಎರಡು ಕಂಪ್ಯೂಟರ್

ಪಕ್ಕಪಕ್ಕದ ಮೇಜಿನ ಎರಡು ಕಂಪ್ಯೂಟರ್ ನಡುವೆ ಡಿಸ್ಕ್ ಓಡಾಡಿಸುವುದೆಂದರೆ ಒಂದೇ ದತ್ತಾಂಶವನ್ನು ಎರಡು ಸಲ ಕಾಪಿ ಮಾಡಿದಂತೆ. ಎರಡರಲ್ಲೂ ಗಿಗಾಬಿಟ್ ಲ್ಯಾನ್ ಕಿಂಡಿ ಇದ್ದರೆ ಒಂದು ಕ್ಯಾಟ್5ಇ ಅಥವಾ ಕ್ಯಾಟ್6 ಕೇಬಲ್ ನೇರವಾಗಿ ಸಿಕ್ಕಿಸಿದರೆ ಸಾಕು, ಸೆಕೆಂಡಿಗೆ 110 ಎಂಬಿ ಹರಿಯುತ್ತದೆ. ಹಿಂದೆ ಇದಕ್ಕೆ ‘ಕ್ರಾಸ್’ ಕೇಬಲ್ ಬೇಕಿತ್ತು. ಗಿಗಾಬಿಟ್ ಕಿಂಡಿಗಳು ಅದನ್ನು ತಾವೇ ಸರಿಮಾಡಿಕೊಳ್ಳುತ್ತವೆ. ಒಂದಕ್ಕೆ 192.168.10.1, ಇನ್ನೊಂದಕ್ಕೆ 192.168.10.2 ಎಂದು ವಿಳಾಸ, ಎರಡಕ್ಕೂ 255.255.255.0 ಸಬ್‌ನೆಟ್ ಮಾಸ್ಕ್ ಕೊಡಿ. ಜಾಲವನ್ನು ‘ಪ್ರೈವೇಟ್’ ಎಂದು ಗುರುತಿಸಿ, ಫೋಲ್ಡರನ್ನು ಶೇರ್ ಮಾಡಿ, ಪಾಸ್‌ವರ್ಡ್ ಇರುವ ಬಳಕೆದಾರನ ಹೆಸರಿನಲ್ಲಿ ತೆರೆಯಿರಿ. ಪಾಸ್‌ವರ್ಡ್ ಇಲ್ಲದ ಅತಿಥಿ ಪ್ರವೇಶವನ್ನು ಹೊಸ ವಿಂಡೋಸ್‌ಗಳು ಒಪ್ಪುವುದಿಲ್ಲ. ‘ಮೊದಲು ಬರುತ್ತಿತ್ತು, ಈಗ ಬರುತ್ತಿಲ್ಲ’ ಎಂಬ ಅಂಗಡಿಯವರ ಗೋಳಿಗೆ ಅನೇಕ ಸಲ ಇದೇ ಕಾರಣ.

ವೇಗ 11 ಎಂಬಿಗೆ ನಿಂತುಬಿಟ್ಟರೆ ಎಲ್ಲೋ 100 ಮೆಗಾಬಿಟ್‌ನ ತಡೆ ಇದೆ. ಅಗ್ಗದ ರೌಟರ್‌ನ ಕಿಂಡಿ ಇರಬಹುದು. ಕೇಬಲ್ಲೇ ಇರಬಹುದು: ಗಿಗಾಬಿಟ್‌ಗೆ ಒಳಗಿನ ಎಂಟೂ ತಂತಿ ಬೇಕು, 100 ಮೆಗಾಬಿಟ್‌ಗೆ ನಾಲ್ಕು ಸಾಕು. ಉಳಿದ ನಾಲ್ಕರಲ್ಲಿ ಒಂದನ್ನು ಇಲಿ ಕಡಿದಿದ್ದರೂ ಸಂಪರ್ಕ ಇದ್ದಂತೆಯೇ ಕಾಣುತ್ತದೆ, ವೇಗ ಮಾತ್ರ ಹತ್ತರಲ್ಲಿ ಒಂದು ಪಾಲಾಗುತ್ತದೆ. ಈ ಒಂದು ವಿಷಯ ಗೊತ್ತಿಲ್ಲದೆ ಹೊಸ ಕಂಪ್ಯೂಟರ್ ಕೊಂಡವರಿದ್ದಾರೆ.

ವೈಫೈ ಸಣ್ಣಪುಟ್ಟದ್ದಕ್ಕೆ ಸರಿ. ಎರಡೂ ಯಂತ್ರ ಒಂದೇ ರೌಟರಿನ ವೈಫೈನಲ್ಲಿದ್ದರೆ ಪ್ರತಿ ಬೈಟ್ ಗಾಳಿಯಲ್ಲಿ ಎರಡು ಸಲ ಹೋಗಬೇಕು, ವೇಗ ಅರ್ಧಕ್ಕಿಳಿಯುತ್ತದೆ. ಒಂದನ್ನಾದರೂ ಕೇಬಲ್‌ಗೆ ಹಾಕಿ. ಫೋನಿನಿಂದ ಕಂಪ್ಯೂಟರಿಗೆ ‘ಲೋಕಲ್‌ಸೆಂಡ್’ ಎಂಬ ಮುಕ್ತ ತಂತ್ರಾಂಶ ಅಂತರ್ಜಾಲ ಮುಟ್ಟದೆ ಕಳಿಸುತ್ತದೆ.

ಊರಿಂದೂರಿಗೆ ಅಂತರ್ಜಾಲದಲ್ಲಿ

ಇಲ್ಲಿ ನೋಡಬೇಕಾದದ್ದು ಅಪ್‌ಲೋಡ್. ಮೊಬೈಲ್ ಸಂಪರ್ಕದಲ್ಲಿ ಅದು ಡೌನ್‌ಲೋಡ್‌ಗಿಂತ ಬಹಳ ಕಡಿಮೆ. ಫೈಬರ್ ಇರುವವರು ಭಾಗ್ಯವಂತರು. ಗೂಗಲ್ ಖಾತೆಯಲ್ಲಿ ಉಚಿತವಾಗಿ ಸಿಗುವುದು 15 ಜಿಬಿ, ಜಿಮೇಲ್‌ಗೆ ಲಗತ್ತಿಸಬಹುದಾದದ್ದು 25 ಎಂಬಿ. ವಾಟ್ಸ್‌ಆ್ಯಪ್ 2022ರಿಂದ 2 ಜಿಬಿವರೆಗಿನ ಫೈಲು ಒಯ್ಯುತ್ತದೆ, ಆದರೆ ಫೋಟೊವನ್ನು ಫೋಟೊ ಎಂದೇ ಕಳಿಸಿದರೆ ಹಿಂಡಿ ಕುಗ್ಗಿಸುತ್ತದೆ. ಆಲ್ಬಂ, ಫ್ಲೆಕ್ಸ್ ಮುದ್ರಣಕ್ಕೆ ಕಳಿಸುವವರು ‘ಡಾಕ್ಯುಮೆಂಟ್’ ಎಂದೇ ಆರಿಸಬೇಕು.

ದೊಡ್ಡ ಫೈಲಿಗೆ ಬೇಕಾದ ಗುಣವೆಂದರೆ ಕಡಿದಲ್ಲಿಂದ ಮುಂದುವರಿಯುವುದು. ಕರೆಂಟು ಹೋಗಿ ಬರುವ ಊರಿನಲ್ಲಿ 80 ಜಿಬಿ ಹೋದ ಮೇಲೆ ಮೊದಲಿನಿಂದ ಶುರುವಾದರೆ ಆ ರಾತ್ರಿ ವ್ಯರ್ಥ. ‘ಸಿಂಕ್‌ತಿಂಗ್’ ಫೈಲನ್ನು ತುಂಡುಗಳಾಗಿ ಒಡೆದು, ಪ್ರತಿ ತುಂಡನ್ನೂ ಪರೀಕ್ಷಿಸಿ, ಬಿಟ್ಟಲ್ಲಿಂದ ಹಿಡಿಯುತ್ತದೆ. ನಡುವೆ ಯಾರ ಸರ್ವರ್‌ನಲ್ಲೂ ಪ್ರತಿ ಉಳಿಯುವುದಿಲ್ಲ. ರೌಟರಿಗೊಂದು ಸಣ್ಣ ಯುಪಿಎಸ್ ಇದ್ದರೆ ಅರ್ಧ ಸಮಸ್ಯೆ ಮುಗಿಯಿತು.

ಸಣ್ಣ ಫೈಲುಗಳ ದೊಡ್ಡ ರಾಶಿ

10 ಜಿಬಿಯ ಒಂದು ವಿಡಿಯೊ ಎರಡು ನಿಮಿಷದಲ್ಲಿ ಹೋಗುವ ಡಿಸ್ಕ್‌ಗೆ 10 ಜಿಬಿಯ ಲಕ್ಷ ಫೈಲುಗಳು ಹೋಗಲು ಅದರ ಹಲವು ಪಟ್ಟು ಹೊತ್ತು ಬೇಕು. ಪ್ರತಿ ಫೈಲಿಗೂ ಹೆಸರು ಬರೆಯಬೇಕು, ಜಾಗ ಗುರುತಿಸಬೇಕು, ಮುಚ್ಚಬೇಕು. ತಾಲ್ಲೂಕು ಕಚೇರಿಗಳ ಅಭಿಲೇಖಾಲಯದ ಹಳೆಯ ಭೂ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಕರ್ನಾಟಕದ ‘ಭೂ ಸುರಕ್ಷಾ’ ಯೋಜನೆಯಂಥ ಕೆಲಸಗಳಲ್ಲಿ ಹುಟ್ಟುವುದು ಇಂಥ ರಾಶಿಯೇ: ಒಂದೊಂದು ಪುಟಕ್ಕೆ ಒಂದೊಂದು ಚಿತ್ರ. ಸಾಗಿಸುವ ಮುನ್ನ 7-ಜಿಪ್‌ನಲ್ಲಿ ಒಂದೇ ಕಟ್ಟಾಗಿ ಕಟ್ಟಿದರೆ ಪಯಣ ಸರಾಗ. ಜೆಪೆಗ್ ಚಿತ್ರ, ವಿಡಿಯೊಗಳು ಆಗಲೇ ಕುಗ್ಗಿರುವುದರಿಂದ ಮತ್ತೆ ಕುಗ್ಗಿಸಲು ಹೋಗಬೇಡಿ. ‘ಸ್ಟೋರ್’ ಆಯ್ಕೆಯಲ್ಲಿ ಬರಿದೇ ಕಟ್ಟಿ.

ತಾಳೆ ನೋಡುವುದು

ವಿಂಡೋಸ್‌ನ ಸಾಮಾನ್ಯ ಕಾಪಿ-ಪೇಸ್ಟ್ ಬರೆದದ್ದನ್ನು ಮತ್ತೆ ಓದಿ ನೋಡುವುದಿಲ್ಲ. ಹಸಿರು ಪಟ್ಟಿ ತುಂಬಿತೆಂದರೆ ‘ಬರೆಯಲು ಕೊಟ್ಟಿದ್ದೇನೆ’ ಎಂದಷ್ಟೇ ಅರ್ಥ. ಹದಗೆಟ್ಟ ಕೇಬಲ್, ಸವೆದ ಕಾರ್ಡ್, ಬೇಗ ಕಿತ್ತ ಪೆನ್‌ಡ್ರೈವ್, ಯಾವುದರಿಂದಲಾದರೂ ನಡುವಿನ ಒಂದು ತುಂಡು ಕೆಡಬಹುದು. ಎಡಿಟಿಂಗ್ ಟೇಬಲ್ ಮೇಲೆ ಮುಹೂರ್ತದ ಹೊತ್ತಿಗೇ ವಿಡಿಯೊ ನಿಂತಾಗ ಅದು ಗೊತ್ತಾಗುತ್ತದೆ. ಅಷ್ಟರಲ್ಲಿ ಕ್ಯಾಮೆರಾದ ಕಾರ್ಡ್ ಫಾರ್ಮ್ಯಾಟ್ ಆಗಿ ಇನ್ನೊಂದು ಮದುವೆಗೆ ಹೋಗಿರುತ್ತದೆ. ಧಾರೆ ಎರೆದ ಗಳಿಗೆಯನ್ನು ಎರಡನೇ ಸಲ ಹಿಡಿಯಲಾಗದು.

ಕನಿಷ್ಠ ಪರೀಕ್ಷೆ ಹೀಗೆ: ಎರಡೂ ಕಡೆ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ ಮತ್ತು ಬೈಟ್‌ಗಳಲ್ಲಿ ಗಾತ್ರ ಹೋಲಿಸಿ. ‘ಸೈಜ್’ ಸಾಲನ್ನು ನೋಡಿ. ‘ಸೈಜ್ ಆನ್ ಡಿಸ್ಕ್’ ಫಾರ್ಮ್ಯಾಟ್‌ಗೆ ತಕ್ಕಂತೆ ಬದಲಾಗುತ್ತದೆ. ಇದು ಎಣಿಕೆಯನ್ನು ಹೇಳುತ್ತದೆ, ಒಳಗಿನ ಸತ್ಯವನ್ನು ಹೇಳುವುದಿಲ್ಲ. ಅದಕ್ಕೆ ಹ್ಯಾಶ್ ಬೇಕು. ಎಸ್‌ಎಚ್‌ಎ-256 ಎಂಬ ಗಣಿತ ವಿಧಾನ ಎಷ್ಟೇ ದೊಡ್ಡ ಫೈಲನ್ನು ಓದಿ 64 ಅಕ್ಷರ-ಅಂಕಿಗಳ ಒಂದು ಗುರುತು ಕೊಡುತ್ತದೆ. ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಗುರುತು ಪೂರಾ ಬೇರೆ. ಕಳಿಸುವವರು ಗುರುತನ್ನು ಪಠ್ಯ ಫೈಲಿನಲ್ಲಿ ಬರೆದಿಟ್ಟರೆ ಪಡೆದವರು ತಮ್ಮ ಕಡೆ ತೆಗೆದು ಹೋಲಿಸಬಹುದು. 7-ಜಿಪ್ ಹಾಕಿಕೊಂಡಿದ್ದರೆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿದಾಗಲೇ ಈ ಸೌಲಭ್ಯ ಸಿಗುತ್ತದೆ. ಟೆರಾಕಾಪಿ ತಂತ್ರಾಂಶದಲ್ಲಿ ಪರೀಕ್ಷೆಯ ಆಯ್ಕೆ ಹಾಕಿಟ್ಟರೆ ಕಾಪಿ ಮುಗಿದೊಡನೆ ಅದು ತಾನೇ ಪರೀಕ್ಷಿಸುತ್ತದೆ. ವಿಂಡೋಸ್‌ನೊಳಗೇ ಇರುವ ರೋಬೊಕಾಪಿ, ಲಿನಕ್ಸ್‌ನ ಆರ್‌ಸಿಂಕ್ ಎರಡನೇ ಸಲ ಓಡಿಸಿದಾಗ ಬಿಟ್ಟುಹೋದದ್ದನ್ನು ಮಾತ್ರ ಒಯ್ಯುತ್ತವೆ.

ಮೂಲವನ್ನು ಎಂದೂ ‘ಕಟ್’ ಮಾಡಬೇಡಿ, ‘ಕಾಪಿ’ ಮಾಡಿ. ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ 3-2-1 ಪದ್ಧತಿ ಸಣ್ಣ ಸ್ಟುಡಿಯೊಗೂ ಸಾಧ್ಯ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ಎಡಿಟರ್‌ನಿಂದ ‘ಎಲ್ಲ ತೆರೆದು ನೋಡಿದೆ’ ಎಂಬ ಮಾತು ಬರುವವರೆಗೆ ಕಾರ್ಡ್ ಫಾರ್ಮ್ಯಾಟ್ ಆಗಕೂಡದು.

ಬೀಗ ಮತ್ತು ವೈರಸ್

ಒಂದು ಮನೆಯವರ ಮದುವೆ, ಒಂದು ಊರಿನ ಪಹಣಿ, ಒಂದು ಶಾಲೆಯ ಮಕ್ಕಳ ಮಾಹಿತಿ ಇವೆಲ್ಲ ಇನ್ನೊಬ್ಬರ ಸ್ವತ್ತು. 7-ಜಿಪ್‌ನಲ್ಲಿ ಕಟ್ಟು ಕಟ್ಟುವಾಗಲೇ ಎಇಎಸ್-256 ಬೀಗ ಹಾಕಬಹುದು. ವಿಂಡೋಸ್ ಪ್ರೊ ಇದ್ದರೆ ಬಿಟ್‌ಲಾಕರ್ ಇಡೀ ಡಿಸ್ಕ್‌ಗೆ ಬೀಗ ಹಾಕುತ್ತದೆ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಡಿಸ್ಕ್‌ಗೇ ಅಂಟಿಸಬೇಡಿ, ಫೋನಿನಲ್ಲಿ ಹೇಳಿ.

ಜೆರಾಕ್ಸ್, ಡಿಟಿಪಿ ಅಂಗಡಿಗಳಲ್ಲಿ ನೂರು ಜನರ ಪೆನ್‌ಡ್ರೈವ್ ಒಂದೇ ಕಿಂಡಿ ಹೊಕ್ಕು ಬರುತ್ತವೆ. 2008ರ ಕೊನೆಗೆ ಕಾಣಿಸಿಕೊಂಡ ಕಾನ್‌ಫಿಕರ್ ಎಂಬ ಕುತಂತ್ರಾಂಶ ಹರಡಿದ ದಾರಿಗಳಲ್ಲಿ ಇದೂ ಒಂದು. ಪೆನ್‌ಡ್ರೈವ್ ಸಿಕ್ಕಿಸಿದೊಡನೆ ತಾನಾಗಿ ಓಡುವ ಸೌಲಭ್ಯವನ್ನು ಮೈಕ್ರೋಸಾಫ್ಟ್ 2011ರಲ್ಲಿ ಹಳೆಯ ವಿಂಡೋಸ್‌ಗಳಿಗೂ ನಿಲ್ಲಿಸಿತು. ಆದರೂ ಫೋಲ್ಡರುಗಳನ್ನೆಲ್ಲ ಶಾರ್ಟ್‌ಕಟ್ ಆಗಿ ತೋರಿಸುವ ವೈರಸ್ ಕಾಟ ತಪ್ಪಿಲ್ಲ. ಆ ಶಾರ್ಟ್‌ಕಟ್ ಮೇಲೆ ಒತ್ತಬಾರದು. ನಿಜವಾದ ಫೈಲುಗಳು ಮರೆಯಾಗಿ ಅಲ್ಲೇ ಇರುತ್ತವೆ. ಎಸ್‌ಡಿ ಕಾರ್ಡಿನ ಪಕ್ಕದ ಸಣ್ಣ ಗುಂಡಿಯನ್ನು ‘ಲಾಕ್’ಗೆ ಸರಿಸಿ ಕೊಟ್ಟರೆ ಸಾಮಾನ್ಯವಾಗಿ ಬೇರೆಯವರ ಯಂತ್ರ ಅದರ ಮೇಲೆ ಬರೆಯಲಾರದು.

ಹೆಸರು ಮತ್ತು ಪಟ್ಟಿ

ಯೂನಿಕೋಡ್‌ನಲ್ಲಿ ಬರೆದ ಕನ್ನಡ ಹೆಸರುಗಳು ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್ ಎರಡರಲ್ಲೂ ಸರಿಯಾಗಿ ಉಳಿಯುತ್ತವೆ. ಹಳೆಯ ಜಿಪ್ ತಂತ್ರಾಂಶಗಳಲ್ಲಿ ಬಿಚ್ಚಿದರೆ ಮಾತ್ರ ಗೋಜಲಾಗಬಹುದು. ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತವನ್ನು ಕಳಿಸುವಾಗ ಫಾಂಟನ್ನೂ ಒಂದು ಪಿಡಿಎಫ್ ಪ್ರತಿಯನ್ನೂ ಜೊತೆಗಿಡಬೇಕು. ವಿಂಡೋಸ್‌ನಲ್ಲಿ ಫೋಲ್ಡರುಗಳ ಹೆಸರೂ ಸೇರಿ ಒಟ್ಟು ದಾರಿ 260 ಅಕ್ಷರ ದಾಟಿದರೆ ಎಷ್ಟೋ ತಂತ್ರಾಂಶಗಳು ಕಾಪಿ ಮಾಡಲು ಒಪ್ಪುವುದಿಲ್ಲ. ಫೋಲ್ಡರಿನೊಳಗೆ ಫೋಲ್ಡರ್ ಹೂಡುತ್ತಾ ಹೋಗಬೇಡಿ. ತಾರೀಖನ್ನು 14/02/2025 ಎಂದು ಹೆಸರಿನಲ್ಲಿ ಬರೆಯಲು ಬರದು, ಓರೆಗೆರೆಗೆ ಅಲ್ಲಿ ಜಾಗವಿಲ್ಲ. 2025-02-14 ಎಂದು ವರ್ಷ ಮೊದಲಿಟ್ಟರೆ ಫೋಲ್ಡರುಗಳು ತಾವಾಗಿ ಕಾಲಕ್ರಮದಲ್ಲಿ ನಿಲ್ಲುತ್ತವೆ.

ಡಿಸ್ಕ್‌ನ ಮೊದಲ ಪುಟದಲ್ಲೇ ಕಾಣುವಂತೆ ಒಂದು ಪಠ್ಯ ಫೈಲು ಇರಲಿ: ಯಾರ ಕೆಲಸ, ಯಾವ ದಿನದ್ದು, ಎಷ್ಟು ಫೋಲ್ಡರ್, ಎಷ್ಟು ಫೈಲು, ಒಟ್ಟು ಎಷ್ಟು ಬೈಟ್, ಹ್ಯಾಶ್ ಪಟ್ಟಿ ಯಾವ ಹೆಸರಿನಲ್ಲಿದೆ. ಅದೇ ವಿವರವನ್ನು ಡಿಸ್ಕ್ ಹೊರಟ ಕೂಡಲೇ ಪಡೆಯುವವರ ಫೋನಿಗೂ ಕಳಿಸಿ.